ಬೂದಿ ಮುಚ್ಚಿದ ಕೆಂಡ: ಎಕ್ಸ್‌ರೇಗೆ ಕಾಣದ ನ್ಯುಮೋನಿಯ

ರೋಗಿ ಆಸ್ಪತ್ರೆಯ ಮಂಚದ ಮೇಲೆ ಕುಳಿತಿದ್ದಾನೆ. ಒಂದು ಮಾತನ್ನು ಪೂರ್ತಿ ಹೇಳಿ ಮುಗಿಸಲು ಅವನಿಗೆ ಉಸಿರು ಸಾಲುತ್ತಿಲ್ಲ. ಕೆಲವು ವಾರಗಳಿಂದ ಒಣಕೆಮ್ಮು, ಸಂಜೆಯಾದರೆ ಮೈ ಬಿಸಿ. ವೈದ್ಯರು ಅವನ ಎದೆಯ ಎಕ್ಸ್‌ರೇ ಫಿಲ್ಮನ್ನು ಬೆಳಕಿಗೆ ಹಿಡಿದು ನೋಡುತ್ತಾರೆ. ಎರಡೂ ಶ್ವಾಸಕೋಶಗಳು ಕಪ್ಪಗೆ, ಸ್ವಚ್ಛವಾಗಿ ಕಾಣುತ್ತಿವೆ. ಎಲ್ಲಿಯೂ ಬಿಳಿಯ ಮಚ್ಚೆಯಿಲ್ಲ. ಫಿಲ್ಮು ಹೇಳುವುದು ಒಂದು, ರೋಗಿಯ ಉಸಿರು ಹೇಳುವುದು ಮತ್ತೊಂದು. ವೈದ್ಯರು ಯಾವುದನ್ನು ನಂಬಬೇಕು?

1980ರ ದಶಕದಲ್ಲಿ ಲಾಸ್ ಏಂಜಲೀಸ್, ನ್ಯೂಯಾರ್ಕ್, ಲಂಡನ್ ನಗರಗಳ ಆಸ್ಪತ್ರೆಗಳಲ್ಲಿ ವೈದ್ಯರಿಗೆ ಮತ್ತೆ ಮತ್ತೆ ಎದುರಾದ ಪ್ರಶ್ನೆ ಇದು. ಉತ್ತರ ತಪ್ಪಿದರೆ ಒಂದು ಜೀವ ಹೋಗುತ್ತಿತ್ತು. ಈ ಪ್ರಶ್ನೆಯ ಹಿಂದೆ ನೂರು ವರ್ಷಗಳಿಗೂ ಮೀರಿದ ಇತಿಹಾಸವಿದೆ. ತಪ್ಪು ಹೆಸರು ಪಡೆದ ಒಂದು ರೋಗಾಣು, ಯುದ್ಧಕಾಲದ ಅನಾಥಾಲಯಗಳು, ಔಷಧಿ ಬೇಡಿಕೆಯ ಚೀಟಿಗಳನ್ನು ನೋಡುತ್ತಿದ್ದ ಒಬ್ಬ ಮಹಿಳಾ ನೌಕರರ ಜಾಗರೂಕತೆ, ಎಲ್ಲವೂ ಅದರಲ್ಲಿ ಸೇರಿಕೊಂಡಿವೆ.

ಎಕ್ಸ್‌ರೇ ನೋಡುವುದೇನನ್ನು?

ಜರ್ಮನಿಯ ವುರ್ಟ್ಸ್‌ಬರ್ಗ್ ನಗರದಲ್ಲಿ ವಿಲ್‌ಹೆಲ್ಮ್ ರಾಂಟ್‌ಜೆನ್ 1895ರ ನವೆಂಬರ್ 8ರಂದು ಕ್ಷ-ಕಿರಣಗಳನ್ನು ಕಂಡುಹಿಡಿದರು. ಬದುಕಿರುವ ಮನುಷ್ಯನ ಎದೆಯೊಳಗೆ ಇಣುಕಿ ನೋಡಲು ಅದು ವೈದ್ಯರಿಗೆ ಸಿಕ್ಕ ಮೊದಲ ಕಿಟಕಿ. ಆದರೆ ಈ ಕಿಟಕಿಯಿಂದ ಕಾಣುವುದೇನು ಎಂಬುದನ್ನು ಸರಿಯಾಗಿ ಅರಿಯದಿದ್ದರೆ ಮೋಸಹೋಗುವುದು ಸುಲಭ.

ಶ್ವಾಸಕೋಶದಲ್ಲಿ ಬಹುಪಾಲು ಇರುವುದು ಗಾಳಿ. ಕಿರಣಗಳು ಗಾಳಿಯನ್ನು ಸುಲಭವಾಗಿ ದಾಟಿ ಹೋಗುವುದರಿಂದ ಫಿಲ್ಮಿನಲ್ಲಿ ಆ ಭಾಗ ಕಪ್ಪಗಾಗುತ್ತದೆ. ಮೂಳೆ, ನೀರು, ಕೀವು ಇವು ಕಿರಣಗಳನ್ನು ತಡೆದು ಬೆಳ್ಳಗೆ ಕಾಣುತ್ತವೆ. ಸಾಮಾನ್ಯ ನ್ಯುಮೋನಿಯದಲ್ಲಿ ಬ್ಯಾಕ್ಟೀರಿಯಗಳು ವಾಯುಕೋಶಗಳೆಂಬ ಪುಟ್ಟ ಗಾಳಿಚೀಲಗಳನ್ನು ಹೊಕ್ಕಾಗ ದೇಹ ಸುಮ್ಮನಿರುವುದಿಲ್ಲ. ರಕ್ತನಾಳಗಳಿಂದ ನೀರು ಒಸರುತ್ತದೆ, ಬಿಳಿ ರಕ್ತಕಣಗಳು ದಂಡು ಕಟ್ಟಿಕೊಂಡು ಬರುತ್ತವೆ, ಗಾಳಿ ಇರಬೇಕಾದ ಜಾಗವನ್ನೆಲ್ಲ ಕೀವು ತುಂಬಿಕೊಳ್ಳುತ್ತದೆ. ಎಕ್ಸ್‌ರೇಯಲ್ಲಿ ಬಿಳಿಯ ಮಚ್ಚೆಯಾಗಿ ಕಾಣುವುದು ಇದೇ.

ಅಂದರೆ ಆ ಮಚ್ಚೆಯ ಹೆಚ್ಚಿನ ಪಾಲು ದೇಹವೇ ಒಡ್ಡಿದ ಪ್ರತಿರೋಧದ ಗುರುತು. ರೋಗಾಣು ಕಣ್ಣಿಗೆ ಕಾಣದಷ್ಟು ಚಿಕ್ಕದು. ಕಾಣುವುದು ಕಾಳಗದಲ್ಲಿ ಎದ್ದ ಧೂಳು. ಹಾಗಾದರೆ ಕಾಳಗಕ್ಕೆ ಇಳಿಯಬೇಕಾದ ದಂಡೇ ಕರಗಿಹೋಗಿದ್ದರೆ ಏನಾಗಬೇಕು? ಶತ್ರು ಕೋಟೆಯ ಒಳಗೆ ಬಂದು ಕುಳಿತರೂ ಧೂಳು ಏಳುವುದಿಲ್ಲ. ರೋಗನಿರೋಧಕ ಶಕ್ತಿ ಕುಂದಿದವರ ನ್ಯುಮೋನಿಯ ವೈದ್ಯಲೋಕಕ್ಕೆ ಕಲಿಸಿದ ಮುಖ್ಯ ಪಾಠ ಇದು.

ತಪ್ಪಾಗಿ ಗುರುತಿಸಿದ ಜೀವಿ

ಈ ಪಾಠ ಕಲಿಸಿದ ರೋಗಾಣುವಿನ ಹೆಸರು ನ್ಯುಮೋಸಿಸ್ಟಿಸ್. ಅದನ್ನು ಮೊದಲು ಕಂಡವರಿಗೆ ತಾವು ಕಂಡದ್ದು ಏನೆಂದು ತಿಳಿಯಲಿಲ್ಲ.

ಬ್ರೆಜಿಲ್ ದೇಶದ ವೈದ್ಯ ಕಾರ್ಲೋಸ್ ಚಾಗಾಸ್ 1909ರಲ್ಲಿ ಟ್ರಿಪನೋಸೋಮ ಎಂಬ ಪರಾವಲಂಬಿ ಜೀವಿಯ ಅಧ್ಯಯನದಲ್ಲಿ ತೊಡಗಿದ್ದರು. ಮುಂದೆ ಅವರ ಹೆಸರನ್ನೇ ಪಡೆದ ಚಾಗಾಸ್ ರೋಗಕ್ಕೆ ಈ ಜೀವಿಯೇ ಕಾರಣ. ಪ್ರಯೋಗದ ಗಿನಿಯಿಲಿಗಳ ಶ್ವಾಸಕೋಶದಲ್ಲಿ ಅವರಿಗೆ ಚಿಕ್ಕ ಚಿಕ್ಕ ದುಂಡನೆಯ ಚೀಲಗಳು ಕಂಡವು. ಅವೂ ಟ್ರಿಪನೋಸೋಮದ ಬೆಳವಣಿಗೆಯ ಒಂದು ಹಂತವಿರಬೇಕೆಂದು ಚಾಗಾಸ್ ಭಾವಿಸಿದರು. ಮರುವರ್ಷ ಸಾವೊ ಪೌಲೊ ನಗರದಲ್ಲಿದ್ದ ಇಟಲಿ ಮೂಲದ ಆಂಟೋನಿಯೊ ಕರೀನಿ ಇಲಿಗಳ ಶ್ವಾಸಕೋಶದಲ್ಲಿ ಇಂಥವೇ ಚೀಲಗಳನ್ನು ನೋಡಿದರು. ಅವರ ಸ್ಲೈಡುಗಳು ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಗೆ ಹೋದವು.

ಅಲ್ಲಿದ್ದ ಪಿಯರ್ ಮತ್ತು ಯೂಜಿನಿ ಡೆಲನೊಯ್ ದಂಪತಿ ಒಂದು ಸರಳ ಪ್ರಶ್ನೆ ಕೇಳಿಕೊಂಡರು: ಟ್ರಿಪನೋಸೋಮ ಇಲ್ಲದ ಇಲಿಗಳಲ್ಲೂ ಈ ಚೀಲಗಳು ಇವೆಯೇ? ಪ್ಯಾರಿಸ್ಸಿನ ಚರಂಡಿಗಳ ಇಲಿಗಳನ್ನು ಹಿಡಿದು ಪರೀಕ್ಷಿಸಿದಾಗ ಟ್ರಿಪನೋಸೋಮದ ಸುಳಿವಿಲ್ಲದ ಇಲಿಗಳಲ್ಲೂ ಅವು ಸಿಕ್ಕವು. ಇದು ಬೇರೆಯೇ ಜೀವಿ ಎಂಬುದು ಖಚಿತವಾಯಿತು. ಶ್ವಾಸಕೋಶದ ಚೀಲ ಎಂಬ ಅರ್ಥ ಬರುವಂತೆ, ಕರೀನಿಯ ಹೆಸರನ್ನೂ ಸೇರಿಸಿ, 1912ರಲ್ಲಿ ಅವರು ಅದಕ್ಕೆ ನ್ಯುಮೋಸಿಸ್ಟಿಸ್ ಕರೀನಿ ಎಂದು ಹೆಸರಿಟ್ಟರು.

ಆ ಕಾಲಕ್ಕೆ ಅದು ಇಲಿಗಳ ಶ್ವಾಸಕೋಶದಲ್ಲಿ ಬಿಡಾರ ಹೂಡಿದ ನಿರುಪದ್ರವಿ ಜೀವಿ, ಪುಸ್ತಕದ ಒಂದು ಅಡಿಟಿಪ್ಪಣಿ ಅಷ್ಟೆ. ಅದರಿಂದ ಮನುಷ್ಯರು ಸಾಯಬಹುದೆಂದು ಯಾರೂ ಎಣಿಸಿರಲಿಲ್ಲ.

ಅನಾಥಾಲಯದ ಕೂಸುಗಳು

ಎರಡನೆಯ ಮಹಾಯುದ್ಧದ ಕಾಲದಲ್ಲೂ ಅದರ ನಂತರವೂ ಮಧ್ಯ ಯುರೋಪಿನ ಅನಾಥಾಲಯಗಳಲ್ಲಿ, ಶಿಶುವಿಹಾರಗಳಲ್ಲಿ ವಿಚಿತ್ರ ರೋಗವೊಂದು ಹಬ್ಬಿತು. ಅದಕ್ಕೆ ತುತ್ತಾದವರು ದಿನ ತುಂಬುವ ಮೊದಲೇ ಹುಟ್ಟಿದ, ಹೊಟ್ಟೆಗೆ ಸಾಲದೆ ಸೊರಗಿದ, ಕೆಲವೇ ತಿಂಗಳ ಕೂಸುಗಳು. ಜ್ವರ ಇರುತ್ತಿರಲಿಲ್ಲ, ಇದ್ದರೂ ಸ್ವಲ್ಪ. ಮೊದಲು ಹಾಲು ಕುಡಿಯುವುದು ಕಡಿಮೆಯಾಗುತ್ತಿತ್ತು, ಆಮೇಲೆ ಉಸಿರಾಟ ದಿನದಿಂದ ದಿನಕ್ಕೆ ವೇಗವಾಗುತ್ತಿತ್ತು, ಕೊನೆಗೆ ತುಟಿ ನೀಲಿಗಟ್ಟುತ್ತಿತ್ತು. ಸತ್ತ ಮಕ್ಕಳ ಶ್ವಾಸಕೋಶವನ್ನು ಸೂಕ್ಷ್ಮದರ್ಶಕದಡಿ ನೋಡಿದಾಗ ವಾಯುಕೋಶಗಳ ತುಂಬ ನೊರೆಯಂಥ, ಜೇನುಗೂಡಿನಂಥ ವಸ್ತು ಕಾಣುತ್ತಿತ್ತು.

ಈ ನೊರೆಯೊಳಗೆ ಇದ್ದದ್ದು ನ್ಯುಮೋಸಿಸ್ಟಿಸ್ ಎಂಬುದನ್ನು 1950ರ ದಶಕದ ಆರಂಭದಲ್ಲಿ ಚೆಕೊಸ್ಲೊವಾಕಿಯದ ರೋಗಶಾಸ್ತ್ರಜ್ಞ ಯೋಸೆಫ್ ವಾನೆಕ್ ಮತ್ತು ಪರಾವಲಂಬಿ ಜೀವಿಗಳ ತಜ್ಞ ಓಟೊ ಯಿರೋವೆಟ್ಸ್ ದೃಢಪಡಿಸಿದರು. ನಲವತ್ತು ವರ್ಷ ಇಲಿಯ ಜೀವಿ ಎನಿಸಿಕೊಂಡಿದ್ದದ್ದು ಮಕ್ಕಳ ಮೃತ್ಯುವಾಗಿ ಬಂದಿತ್ತು. ಮಲಗುವ ರೋಗ, ಕಾಳಾ ಅಜಾರ್ ಮುಂತಾದವಕ್ಕೆ ಬಳಸುತ್ತಿದ್ದ ಪೆಂಟಮಿಡಿನ್ ಔಷಧಿ ಇದಕ್ಕೂ ಆಗುತ್ತದೆಂದು 1958ರಲ್ಲಿ ಹಂಗೇರಿಯ ವೈದ್ಯರು ತೋರಿಸಿಕೊಟ್ಟರು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ತಾಯಿಯ ಹಾಲು, ಹೊಟ್ಟೆತುಂಬ ಆಹಾರ ಇದ್ದ ಮಕ್ಕಳಿಗೆ ಈ ರೋಗ ತಟ್ಟುತ್ತಿದ್ದದ್ದು ಅಪರೂಪ. ಹಸಿವು ಮಗುವಿನ ಮೈಯ ಕಾವಲನ್ನು ಕಿತ್ತುಕೊಂಡಾಗ ಮಾತ್ರ ನ್ಯುಮೋಸಿಸ್ಟಿಸ್ ಬಲಿಯುತ್ತಿತ್ತು. ಗಟ್ಟಿಮುಟ್ಟಾದವರ ತಂಟೆಗೆ ಬಾರದೆ, ಸೋತವರ ಮೇಲೆ ಎರಗುವ ಇಂಥ ಸೋಂಕುಗಳನ್ನು ವೈದ್ಯರು ಅವಕಾಶವಾದಿ ಸೋಂಕುಗಳೆಂದು ಕರೆಯುತ್ತಾರೆ. ರಾಜಕೀಯದಲ್ಲಿ ಈ ಮಾತಿಗೆ ಇರುವ ಅರ್ಥವೇ ಇಲ್ಲಿಯೂ ಹೊಂದುತ್ತದೆ.

ಮದ್ದೇ ತಂದ ಕುತ್ತು

ಯುರೋಪ್ ಚೇತರಿಸಿಕೊಂಡಂತೆ ಅನಾಥಾಲಯಗಳ ಪಿಡುಗು ಇಳಿಯಿತು. ಆದರೆ ರೋಗ ಮತ್ತೊಂದು ಬಾಗಿಲಿನಿಂದ ಒಳಗೆ ಬಂತು. ರಕ್ತದ ಕ್ಯಾನ್ಸರಿಗೆ ಪ್ರಬಲ ಔಷಧಿಗಳು ಬಂದವು. ಮೂತ್ರಪಿಂಡದ ಕಸಿ ಸಾಧ್ಯವಾಯಿತು. ಕಸಿ ಮಾಡಿದ ಅಂಗವನ್ನು ದೇಹ ತಿರಸ್ಕರಿಸದಂತೆ ರೋಗನಿರೋಧಕ ಶಕ್ತಿಯನ್ನು ಬೇಕೆಂದೇ ತಗ್ಗಿಸಬೇಕಾಗುತ್ತಿತ್ತು. ಮೂಲ ಕಾಯಿಲೆ ಹತೋಟಿಗೆ ಬಂತೆನ್ನುವಾಗ ರೋಗಿ ಉಸಿರು ಕಟ್ಟಿ ಸಾಯತೊಡಗಿದ. 1967ರ ನವೆಂಬರಿನಿಂದ 1970ರ ಡಿಸೆಂಬರ್‌ವರೆಗೆ ಅಮೆರಿಕದಲ್ಲಿ ಖಚಿತವಾಗಿ ದಾಖಲಾದ ನ್ಯುಮೋಸಿಸ್ಟಿಸ್ ಪ್ರಕರಣಗಳು 194. ಬಹುತೇಕ ಎಲ್ಲರಿಗೂ ಇಂಥ ಯಾವುದಾದರೊಂದು ಹಿನ್ನೆಲೆ ಇತ್ತು.

ಮೆಂಫಿಸ್ ನಗರದ ಸೇಂಟ್ ಜೂಡ್ ಮಕ್ಕಳ ಆಸ್ಪತ್ರೆಯಲ್ಲಿ ವಾಲ್ಟರ್ ಹ್ಯೂಸ್ ಈ ಸಮಸ್ಯೆಯನ್ನು ಕೈಗೆತ್ತಿಕೊಂಡರು. ಅವರು ಆರಿಸಿಕೊಂಡದ್ದು ಟ್ರೈಮೆಥೊಪ್ರಿಮ್ ಮತ್ತು ಸಲ್ಫಾಮೆಥಾಕ್ಸಜೋಲ್ ಸೇರಿದ ಗುಳಿಗೆ. ಸೆಪ್ಟ್ರಾನ್, ಬ್ಯಾಕ್ಟ್ರಿಮ್ ಎಂಬ ಹೆಸರುಗಳಲ್ಲಿ ನಮ್ಮ ಔಷಧಿ ಅಂಗಡಿಗಳಲ್ಲೂ ಬಹುಕಾಲದಿಂದ ಪರಿಚಿತವಾದ, ಅಗ್ಗದ ಗುಳಿಗೆ ಅದು. ರೋಗ ಬರುವ ಮೊದಲೇ ಅದನ್ನು ಕೊಟ್ಟರೆ ಹೇಗೆ? 1977ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ 160 ರೋಗಿಗಳಿದ್ದರು. ಹುಸಿ ಗುಳಿಗೆ ಪಡೆದ 80 ಮಂದಿಯಲ್ಲಿ 17 ಮಂದಿಗೆ ಈ ನ್ಯುಮೋನಿಯ ಬಂತು. ನಿಜವಾದ ಗುಳಿಗೆ ಪಡೆದ 80 ಮಂದಿಯಲ್ಲಿ ಒಬ್ಬರಿಗೂ ಬರಲಿಲ್ಲ.

ಇಷ್ಟು ಸ್ಪಷ್ಟವಾದ ಫಲಿತಾಂಶ ವೈದ್ಯಕೀಯದಲ್ಲಿ ಅಪರೂಪ. ನಾಲ್ಕೇ ವರ್ಷಗಳಲ್ಲಿ ಅದರ ಬೆಲೆ ಎಷ್ಟೆಂದು ಜಗತ್ತಿಗೆ ತಿಳಿಯಲಿತ್ತು.

ಔಷಧಿ ಚೀಟಿಯ ಸುಳಿವು

ಪೆಂಟಮಿಡಿನ್ ಬೇಕಾಗುತ್ತಿದ್ದದ್ದು ತೀರ ಕಡಿಮೆ ಜನರಿಗೆ. ಹಾಗಾಗಿ ಅಮೆರಿಕದಲ್ಲಿ ಅದನ್ನು ಅಟ್ಲಾಂಟದ ರೋಗ ನಿಯಂತ್ರಣ ಕೇಂದ್ರವೊಂದೇ ಪೂರೈಸುತ್ತಿತ್ತು. ಅಲ್ಲಿ ಬೇಡಿಕೆಗಳನ್ನು ನೋಡಿಕೊಳ್ಳುತ್ತಿದ್ದವರು ಸಾಂಡ್ರಾ ಫೋರ್ಡ್. ಔಷಧಿ ಕೇಳುವ ವೈದ್ಯರು ರೋಗಿಗೆ ಕ್ಯಾನ್ಸರೋ, ಕಸಿಯೋ, ಯಾವ ಕಾರಣವೆಂದು ತಿಳಿಸುವುದು ವಾಡಿಕೆ. 1981ರ ಆರಂಭದಲ್ಲಿ ಕಾರಣವೇ ಇಲ್ಲದ ಬೇಡಿಕೆಗಳು ಬರತೊಡಗಿದವು. ರೋಗಿಗಳು ಯುವಕರು, ಮೊದಲು ಆರೋಗ್ಯವಾಗಿದ್ದವರು. ಆ ವರ್ಷದ ಏಪ್ರಿಲ್‌ನಲ್ಲಿ ಫೋರ್ಡ್ ಈ ವಿಷಯವನ್ನು ಮೇಲಧಿಕಾರಿಯ ಗಮನಕ್ಕೆ ತಂದರು.

ಅತ್ತ ಲಾಸ್ ಏಂಜಲೀಸಿನಲ್ಲಿ ಮೈಕೆಲ್ ಗಾಟ್ಲೀಬ್ ಎಂಬ ತರುಣ ವೈದ್ಯ ಮತ್ತು ಅವರ ಸಂಗಡಿಗರ ಮುಂದೆಯೂ ಇಂಥದೇ ರೋಗಿಗಳಿದ್ದರು. 1981ರ ಜೂನ್ 5ರಂದು ರೋಗ ನಿಯಂತ್ರಣ ಕೇಂದ್ರದ ವಾರಪತ್ರದಲ್ಲಿ ಅವರ ಚಿಕ್ಕ ವರದಿ ಪ್ರಕಟವಾಯಿತು. ಐವರು ಸಲಿಂಗ ಪ್ರೇಮಿ ಯುವಕರು, ಐವರಿಗೂ ನ್ಯುಮೋಸಿಸ್ಟಿಸ್ ನ್ಯುಮೋನಿಯ, ಇಬ್ಬರು ಆಗಲೇ ತೀರಿಕೊಂಡಿದ್ದರು. ಏಡ್ಸ್ ಕುರಿತು ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂದ ಮೊದಲ ವರದಿ ಇದೇ. ಏಡ್ಸ್ ಎಂಬ ಹೆಸರು ಹುಟ್ಟಿದ್ದು ಮರುವರ್ಷ. ಅದಕ್ಕೆ ಕಾರಣವಾದ ವೈರಸ್ 1983ರಲ್ಲಿ ಪತ್ತೆಯಾಯಿತು. ಪತ್ತೆಯಾದದ್ದು ಡೆಲನೊಯ್ ದಂಪತಿ ಹಿಂದೆ ಇಲಿಗಳನ್ನು ಪರೀಕ್ಷಿಸಿದ್ದ ಅದೇ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಎಂಬುದು ಇತಿಹಾಸದ ಕಾಕತಾಳೀಯ.

ಬಾವಲಿಯ ರೆಕ್ಕೆ ಮತ್ತು ಬರಿದಾದ ಫಿಲ್ಮು

ಮೂರು ವರ್ಷಕ್ಕೆ ಇನ್ನೂರು ಕಾಣುತ್ತಿದ್ದ ರೋಗ ಈಗ ವಾರ್ಡುಗಳನ್ನೇ ತುಂಬತೊಡಗಿತು. ಎದೆಯ ಫಿಲ್ಮುಗಳ ರಾಶಿ ಬಿದ್ದಂತೆಲ್ಲ ರೋಗದ ಚಹರೆ ತಿಳಿಯಿತು. ಎರಡೂ ಶ್ವಾಸಕೋಶಗಳ ನಡುಭಾಗದಿಂದ ಹೊರಕ್ಕೆ ಹರಡಿದ ತೆಳು ಮಬ್ಬು, ಬಾವಲಿ ರೆಕ್ಕೆ ಬಿಚ್ಚಿದಂಥ ಆಕಾರ. ಪಠ್ಯಪುಸ್ತಕಗಳಲ್ಲಿ ಅಚ್ಚಾದದ್ದು ಈ ಚಿತ್ರ.

ಎಲ್ಲ ರೋಗಿಗಳೂ ಪಠ್ಯಪುಸ್ತಕವನ್ನು ಪಾಲಿಸಲಿಲ್ಲ. ರೋಗ ಖಚಿತವಾದವರಲ್ಲೂ ಸುಮಾರು ಹತ್ತರಲ್ಲಿ ಒಬ್ಬರ, ಕೆಲವು ಆಸ್ಪತ್ರೆಗಳ ಲೆಕ್ಕದಲ್ಲಿ ಇನ್ನೂ ಹೆಚ್ಚಿನವರ ಎಕ್ಸ್‌ರೇ ಏನೂ ದೋಷವಿಲ್ಲದಂತೆ ಕಂಡಿತು. ಲೇಖನದ ಮೊದಲಲ್ಲಿ ಕಂಡ ರೋಗಿ ಇಂಥವನೇ. ಮೈಯ ಕಾವಲು ಪಡೆ ಖಾಲಿಯಾಗಿದ್ದರಿಂದ ಫಿಲ್ಮೂ ಖಾಲಿಯಾಗಿತ್ತು. ಶ್ವಾಸಕೋಶದೊಳಗೆ ರೋಗ ಬೂದಿ ಮುಚ್ಚಿದ ಕೆಂಡದಂತೆ ಇತ್ತು.

ಹಾಗಾಗಿ ವೈದ್ಯರು ಬೇರೆ ದಾರಿಗಳನ್ನು ಹುಡುಕಿದರು. ಒಂದು, ರೋಗಿಯನ್ನು ಸ್ವಲ್ಪ ಹೊತ್ತು ನಡೆಸಿ ಅಥವಾ ಸೈಕಲ್ ತುಳಿಸಿ ರಕ್ತದ ಆಮ್ಲಜನಕ ಅಳೆಯುವುದು. ಕುಳಿತಾಗ ಸರಿಯಾಗಿದ್ದ ಮಟ್ಟ ನಾಲ್ಕು ಹೆಜ್ಜೆ ಹಾಕಿದೊಡನೆ ಕುಸಿದರೆ ಶ್ವಾಸಕೋಶದಲ್ಲಿ ಏನೋ ಇದೆ ಎಂದರ್ಥ. ಕೋವಿಡ್ ಕಾಲದಲ್ಲಿ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿಕೊಂಡು ಆರು ನಿಮಿಷ ನಡೆದವರಿಗೆ ಈ ಪರೀಕ್ಷೆ ಹೊಸದಲ್ಲ. ಇನ್ನೊಂದು, ನಾಳದ ಮೂಲಕ ಶ್ವಾಸಕೋಶಕ್ಕೆ ಉಪ್ಪುನೀರು ಬಿಟ್ಟು, ತೊಳೆದು, ಹಿಂದಕ್ಕೆ ಎಳೆದ ನೀರಿನಲ್ಲಿ ರೋಗಾಣುವನ್ನೇ ಹುಡುಕುವುದು. ಬೆಳ್ಳಿಯ ಬಣ್ಣ ಕೊಟ್ಟಾಗ ನ್ಯುಮೋಸಿಸ್ಟಿಸ್ ಚೀಲಗಳು ಸೂಕ್ಷ್ಮದರ್ಶಕದಡಿ ಕಪ್ಪಗೆ ಎದ್ದು ಕಾಣುತ್ತವೆ.

ಮೂರನೆಯದು ಸಿ.ಟಿ. ಸ್ಕ್ಯಾನ್. ಗಾಡ್‌ಫ್ರಿ ಹೌನ್ಸ್‌ಫೀಲ್ಡ್ ರೂಪಿಸಿದ ಈ ಯಂತ್ರದಿಂದ ಮೊದಲ ರೋಗಿಯ ತಲೆಯ ಚಿತ್ರ ತೆಗೆದದ್ದು 1971ರಲ್ಲಿ, ಲಂಡನ್ನಿನಲ್ಲಿ. ಅವರಿಗೆ ಮತ್ತು ಅಲನ್ ಕಾರ್ಮ್ಯಾಕ್ ಅವರಿಗೆ 1979ರ ನೊಬೆಲ್ ಪ್ರಶಸ್ತಿ ಬಂತು. ಶ್ವಾಸಕೋಶವನ್ನು ಬ್ರೆಡ್ಡಿನ ಹೋಳುಗಳಂತೆ ತೆಳುವಾಗಿ ಸೀಳಿ ತೋರಿಸುವ ಸೂಕ್ಷ್ಮ ಸಿ.ಟಿ. 1980ರ ದಶಕದಲ್ಲಿ ಬಳಕೆಗೆ ಬಂದಿತು. ಎಕ್ಸ್‌ರೇಯಲ್ಲಿ ಏನೂ ಕಾಣದವರಲ್ಲೂ ಸಿ.ಟಿ. ಒಂದು ಮಸುಕನ್ನು ತೋರಿಸಿತು. ಬಚ್ಚಲುಮನೆಯ ಕಿಟಕಿಗೆ ಹಾಕುವ ಉಜ್ಜಿದ ಗಾಜಿನಂಥ ಮಸುಕು, ಹಿಂದಿನ ರಕ್ತನಾಳಗಳು ಅದರೊಳಗಿಂದಲೇ ಕಾಣುವಷ್ಟು ತೆಳು. ವೈದ್ಯರು ಇದನ್ನು ಗ್ರೌಂಡ್ ಗ್ಲಾಸ್ ಎನ್ನುತ್ತಾರೆ. ಏಡ್ಸ್ ರೋಗಿಯ ಸೂಕ್ಷ್ಮ ಸಿ.ಟಿ.ಯಲ್ಲಿ ಈ ಮಸುಕು ಇಲ್ಲದಿದ್ದರೆ ಇದು ನ್ಯುಮೋಸಿಸ್ಟಿಸ್ ಆಗಿರುವ ಸಾಧ್ಯತೆ ತೀರ ಕಡಿಮೆ.

ರೋಗ ವೇಷ ಬದಲಿಸಿತು

1980ರ ದಶಕದ ಕೊನೆಗೆ ಮತ್ತೊಂದು ತೊಡಕು ಬಂತು. ರೋಗ ಬರದಂತೆ ತಡೆಯಲು ಪೆಂಟಮಿಡಿನ್ ಔಷಧಿಯನ್ನು ಹಬೆಯಂತೆ ತಿಂಗಳಿಗೊಮ್ಮೆ ಸೇದಿಸುವ ಪದ್ಧತಿ ರೂಢಿಗೆ ಬಂದಿತ್ತು. ಸಲ್ಫಾ ಗುಳಿಗೆ ಮೈಗೆ ಒಗ್ಗದವರಿಗೆ ಇದು ವರವಾಗಿತ್ತು. ಸ್ವಲ್ಪ ಕಾಲದಲ್ಲೇ ಹೀಗೆ ಸೇದಿದವರಲ್ಲೂ ಕೆಲವರಿಗೆ ರೋಗ ಬಂತು. ಈ ಬಾರಿ ಅದು ಕಂಡದ್ದು ಶ್ವಾಸಕೋಶದ ತುದಿಯಲ್ಲಿ, ಹೆಗಲಿನ ಹತ್ತಿರ.

ಕಾರಣ ಸರಳ. ನೆಟ್ಟಗೆ ಕುಳಿತವರು ಉಸಿರೆಳೆದಾಗ ಗಾಳಿ ಹೆಚ್ಚಾಗಿ ಶ್ವಾಸಕೋಶದ ಕೆಳಭಾಗಕ್ಕೆ ಹೋಗುತ್ತದೆ. ಔಷಧಿಯ ಹಬೆಯೂ ಅಲ್ಲಿಗೇ ಹೋಯಿತು. ಮೇಲಿನ ಭಾಗಕ್ಕೆ ಸಾಕಷ್ಟು ತಲುಪಲಿಲ್ಲ. ನೀರು ಹಾಯದ ಗದ್ದೆಯ ಮೂಲೆಯಲ್ಲಿ ಪೈರು ಒಣಗುವ ಹಾಗೆ, ಔಷಧಿ ಹಾಯದ ಮೂಲೆಯಲ್ಲಿ ರೋಗ ಉಳಿದುಕೊಂಡಿತು. ಆದರೆ ಶ್ವಾಸಕೋಶದ ತುದಿ ಕ್ಷಯರೋಗದ ಮಾಮೂಲಿ ಜಾಗ. ಫಿಲ್ಮು ನೋಡಿದವರಿಗೆ ಮೊದಲು ಹೊಳೆಯುತ್ತಿದ್ದದ್ದು ಕ್ಷಯವೇ.

ಅಲ್ಲಿಗೂ ನಿಲ್ಲಲಿಲ್ಲ. ಕೆಲವರ ಶ್ವಾಸಕೋಶದಲ್ಲಿ ತೆಳುಗೋಡೆಯ ಗುಳ್ಳೆಗಳು ಎದ್ದವು. ಅಂಥ ಗುಳ್ಳೆ ಒಡೆದಾಗ ಗಾಳಿ ಎದೆಗೂಡಿಗೆ ಸೋರಿ, ಪಂಕ್ಚರಾದ ಟ್ಯೂಬಿನಂತೆ ಶ್ವಾಸಕೋಶ ಮುದುಡಿಕೊಳ್ಳುತ್ತಿತ್ತು. ಅಪರೂಪಕ್ಕೆ ಕೆಲವರಲ್ಲಿ ಗಟ್ಟಿಯಾದ ಗಂಟುಗಳು, ಗಂಟಿನ ನಡುವೆ ಕುಳಿಗಳು ಕಂಡವು. ಕ್ಯಾನ್ಸರ್ ಅಥವಾ ಕ್ಷಯ ಎಂದುಕೊಂಡು ಚೂರು ತೆಗೆದು ಪರೀಕ್ಷಿಸಿದರೆ ಅದರೊಳಗೆ ಇದ್ದದ್ದು ನ್ಯುಮೋಸಿಸ್ಟಿಸ್. ದೇಹದಲ್ಲಿ ಅಷ್ಟಿಷ್ಟು ಶಕ್ತಿ ಉಳಿದಿರುವಾಗ ರೋಗಾಣುವಿನ ಸುತ್ತ ಗೋಡೆ ಕಟ್ಟಿ ಬಂಧಿಸುವ ಪ್ರಯತ್ನದ ಫಲವೇ ಇಂಥ ಗಂಟು. ರೋಗಾಣು ಒಂದೇ ಆದರೂ ದೇಹದ ಉತ್ತರಕ್ಕೆ ತಕ್ಕಂತೆ ಚಿತ್ರ ಬದಲಾಯಿತು.

ಉತ್ತರವೇ ಉರುಳಾದಾಗ

ಏಡ್ಸ್ ರೋಗಿಗಳನ್ನೂ ಕ್ಯಾನ್ಸರ್ ಅಥವಾ ಕಸಿಯ ರೋಗಿಗಳನ್ನೂ ಹೋಲಿಸಿ ನೋಡಿದಾಗ ಈ ಮಾತು ಇನ್ನಷ್ಟು ಸ್ಪಷ್ಟವಾಯಿತು. ಏಡ್ಸ್ ಇರುವವರ ಶ್ವಾಸಕೋಶದಲ್ಲಿ ರೋಗಾಣುಗಳು ವಿಪರೀತ, ಉರಿಯೂತ ಕಡಿಮೆ. ರೋಗ ವಾರಗಟ್ಟಲೆ ನಿಧಾನವಾಗಿ ಏರುತ್ತದೆ. ಇತರರಲ್ಲಿ ರೋಗಾಣುಗಳು ಕಡಿಮೆ, ಉರಿಯೂತ ಹೆಚ್ಚು. ರೋಗ ಕೆಲವೇ ದಿನಗಳಲ್ಲಿ ಉಲ್ಬಣಿಸುತ್ತದೆ, ಸಾಯುವವರ ಪ್ರಮಾಣವೂ ಹೆಚ್ಚು. ಅಂದರೆ ಜೀವ ತೆಗೆಯುವುದರಲ್ಲಿ ರೋಗಾಣುವಿನಷ್ಟೇ ಪಾತ್ರ ದೇಹದ ಪ್ರತಿರೋಧಕ್ಕೂ ಇದೆ.

ಔಷಧಿ ಶುರುಮಾಡಿದ ಮೊದಲ ಕೆಲವು ದಿನಗಳಲ್ಲಿ ರೋಗಿಯ ಸ್ಥಿತಿ ಇನ್ನೂ ಬಿಗಡಾಯಿಸುವುದನ್ನು ವೈದ್ಯರು ಗಮನಿಸಿದ್ದರು. ಸತ್ತ ರೋಗಾಣುಗಳ ಅವಶೇಷಕ್ಕೆ ದೇಹ ಕೆರಳುತ್ತಿತ್ತು. 1990ರಲ್ಲಿ ಅಮೆರಿಕದ ತಜ್ಞರ ಸಮಿತಿಯೊಂದು ವಿರೋಧಾಭಾಸದಂತೆ ತೋರುವ ಶಿಫಾರಸು ಮಾಡಿತು. ರೋಗ ತೀವ್ರವಾಗಿರುವ ಏಡ್ಸ್ ರೋಗಿಗಳಿಗೆ ಆರಂಭದಲ್ಲೇ ಸ್ಟಿರಾಯ್ಡ್ ಕೊಡಿ ಎಂಬುದೇ ಅದು. ರೋಗನಿರೋಧಕ ಶಕ್ತಿ ಇಲ್ಲದವನಿಗೆ ಅದನ್ನು ಇನ್ನಷ್ಟು ಅಡಗಿಸುವ ಔಷಧಿ! ಆದರೆ ಲೆಕ್ಕ ಸರಿಯಾಗಿತ್ತು. ಸಾವುಗಳು ಕಡಿಮೆಯಾದವು.

ಇಷ್ಟರ ನಡುವೆ ರೋಗಾಣುವಿನ ಜಾತಿಯೂ ಬದಲಾಯಿತು. ಅದುವರೆಗೆ ಬಹುತೇಕರು ಅದನ್ನು ಮಲೇರಿಯದ ಪರಾವಲಂಬಿಯಂಥ ಏಕಕೋಶ ಜೀವಿ ಎಂದೇ ತಿಳಿದಿದ್ದರು. 1988ರಲ್ಲಿ ಅದರ ಅನುವಂಶಿಕ ವಸ್ತುವನ್ನು ಓದಿದಾಗ ಅದು ಶಿಲೀಂಧ್ರ, ಅಂದರೆ ಬೂಷ್ಟಿನ ಬಳಗದ್ದು ಎಂದು ತಿಳಿಯಿತು. ಇಲಿಯ ಜೀವಿಯೇ ಬೇರೆ, ಮನುಷ್ಯನದೇ ಬೇರೆ ಎಂಬುದೂ ಹೊರಬಂತು. ಮನುಷ್ಯರನ್ನು ಕಾಡುವ ಜೀವಿಗೆ ಈಗ ಇರುವ ಹೆಸರು ನ್ಯುಮೋಸಿಸ್ಟಿಸ್ ಯಿರೋವೆಸಿ. ಅನಾಥ ಕೂಸುಗಳ ಸಾವಿನ ಕಾರಣ ಹುಡುಕಿದ ಓಟೊ ಯಿರೋವೆಟ್ಸ್ ಅವರಿಗೆ ಸಂದ ಗೌರವ ಅದು.

ನಮ್ಮ ನೆಲದ ಪಾಠ

ಭಾರತದಲ್ಲಿ ಎಚ್.ಐ.ವಿ. ಸೋಂಕು ಮೊದಲು ಪತ್ತೆಯಾದದ್ದು 1986ರಲ್ಲಿ, ಮದ್ರಾಸಿನಲ್ಲಿ. ಮದ್ರಾಸ್ ಮೆಡಿಕಲ್ ಕಾಲೇಜಿನ ಡಾ. ಸುನೀತಿ ಸೊಲೊಮನ್ ಮತ್ತು ಅವರ ವಿದ್ಯಾರ್ಥಿನಿ ನಿರ್ಮಲಾ ಸೆಲ್ಲಪ್ಪನ್ ಅವರ ಕೆಲಸ ಅದು. ಆದರೆ ಇಲ್ಲಿನ ಎಚ್.ಐ.ವಿ. ಪೀಡಿತರನ್ನು ಹೆಚ್ಚು ಕಾಡಿದ ಅವಕಾಶವಾದಿ ಸೋಂಕು ಕ್ಷಯ. ಅಲ್ಲಿ ನ್ಯುಮೋಸಿಸ್ಟಿಸ್ ಕಲಿಸಿದ್ದ ಪಾಠವನ್ನೇ ಇಲ್ಲಿ ಕ್ಷಯ ಮತ್ತೆ ಕಲಿಸಿತು.

ಎದೆಯ ಚಿತ್ರ ಒಂದನ್ನೇ ನಂಬಬಾರದೆಂಬ ಅರಿವು ನಮ್ಮಲ್ಲಿ ಹಳೆಯದು. 1959ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯಲ್ಲಿ ರೂಪುಗೊಂಡ ರಾಷ್ಟ್ರೀಯ ಕಾರ್ಯಕ್ರಮ, ಹಳ್ಳಿಯ ಆರೋಗ್ಯ ಕೇಂದ್ರದಲ್ಲೂ ಮಾಡಬಹುದಾದ ಕಫ ಪರೀಕ್ಷೆಗೆ ಒತ್ತು ಕೊಟ್ಟಿತು. ಆದರೆ ಎಚ್.ಐ.ವಿ. ಈ ಎರಡೂ ಸಾಕ್ಷಿಗಳನ್ನು ಸಡಿಲಗೊಳಿಸಿತು. ಸಾಮಾನ್ಯ ಕ್ಷಯದಲ್ಲಿ ಶ್ವಾಸಕೋಶದ ತುದಿಯಲ್ಲಿ ಕುಳಿ ಬೀಳುವುದಕ್ಕೆ ದೇಹದ ಪ್ರತಿರೋಧವೂ ಕಾರಣ. ಆ ಕುಳಿಯಿಂದಲೇ ಕಫಕ್ಕೆ ರೋಗಾಣು ಹೇರಳವಾಗಿ ಬರುತ್ತದೆ. ಪ್ರತಿರೋಧ ಕುಸಿದವರಲ್ಲಿ ಕುಳಿಯಿಲ್ಲ. ಮಚ್ಚೆ ಕೆಳಭಾಗದಲ್ಲಿ ಕಾಣಬಹುದು, ಎದೆಯೊಳಗಿನ ಗ್ರಂಥಿಗಳಷ್ಟೇ ಊದಿಕೊಂಡಿರಬಹುದು, ಇಲ್ಲವೆ ಎಕ್ಸ್‌ರೇಯಲ್ಲಿ ಏನೂ ಕಾಣದಿರಬಹುದು. ಕಫದಲ್ಲೂ ರೋಗಾಣು ಸಿಗದಿರಬಹುದು. ರೋಗಾಣುವಿನ ಅನುವಂಶಿಕ ಗುರುತನ್ನೇ ಹಿಡಿಯುವ ಯಂತ್ರಗಳಿಗೆ 2010ರ ನಂತರ ಇಷ್ಟು ಮಹತ್ವ ಬಂದದ್ದು ಇದೇ ಕಾರಣಕ್ಕೆ.

2004ರ ಏಪ್ರಿಲ್‌ನಲ್ಲಿ ಎಚ್.ಐ.ವಿ. ಪೀಡಿತರಿಗೆ ಸರ್ಕಾರದಿಂದ ಉಚಿತ ಚಿಕಿತ್ಸೆ ಆರಂಭವಾಯಿತು. ಮೊದಲ ಹಂತಕ್ಕೆ ಆಯ್ಕೆಯಾದ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ರಕ್ತದ ಸಿ.ಡಿ.4 ಕಣಗಳ ಎಣಿಕೆ 200ಕ್ಕಿಂತ ಕೆಳಗಿಳಿದರೆ ನ್ಯುಮೋಸಿಸ್ಟಿಸ್ ಅಪಾಯ ತೀವ್ರವಾಗುತ್ತದೆ. ಅದನ್ನು ತಡೆಯಲು ಚಿಕಿತ್ಸಾ ಕೇಂದ್ರಗಳಲ್ಲಿ ಕೊಡುವುದು ಹ್ಯೂಸ್ 1977ರಲ್ಲಿ ಪರೀಕ್ಷಿಸಿದ ಅದೇ ಗುಳಿಗೆ. ಆಫ್ರಿಕದ ಜಾಂಬಿಯದಲ್ಲಿ ಎಚ್.ಐ.ವಿ. ಇದ್ದ ಮಕ್ಕಳಿಗೆ ಇದನ್ನು ದಿನವೂ ಕೊಟ್ಟಾಗ ಸಾವುಗಳು ಶೇಕಡಾ 43ರಷ್ಟು ಕಡಿಮೆಯಾದವೆಂದು 2004ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು.

ಮತ್ತೆ ಅದೇ ಮಸುಕು ಗಾಜು

2020ರಲ್ಲಿ ಕೋವಿಡ್ ಬಂದಾಗ ಉಜ್ಜಿದ ಗಾಜಿನ ಆ ಮಸುಕು ಮತ್ತೆ ಸಿ.ಟಿ. ಪರದೆಗಳ ಮೇಲೆ ಮೂಡಿತು. ಮರುವರ್ಷದ ಎರಡನೆಯ ಅಲೆಯ ಹೊತ್ತಿಗೆ ನಮ್ಮ ಊರುಗಳ ಮನೆಮಂದಿ ಕೂಡ ಸಿ.ಟಿ. ಸ್ಕೋರ್ ಎಷ್ಟು ಎಂದು ಕೇಳುವಂತಾಗಿತ್ತು. ಮಸುಕು ಕಂಡರೆ ಕೋವಿಡ್ ಎಂಬ ಸಮೀಕರಣ ಎಲ್ಲರ ಬಾಯಲ್ಲೂ ಇತ್ತು. ಆದರೆ ಮಸುಕು ಕಂಡವರಲ್ಲಿ ಕೆಲವರಿಗೆ ಇದ್ದದ್ದು ನ್ಯುಮೋಸಿಸ್ಟಿಸ್. ಎರಡನ್ನೂ ಚಿತ್ರವೊಂದರಿಂದಲೇ ಬೇರ್ಪಡಿಸುವುದು ಕಷ್ಟವೆಂದು ಹಲವು ದೇಶಗಳ ವೈದ್ಯರು ಎಚ್ಚರಿಸಿದರು. ಒಂದಕ್ಕೆ ಕೊಡುವ ಔಷಧಿ ಇನ್ನೊಂದಕ್ಕೆ ಸಾಲದು.

ಇಂದು ಈ ಅಪಾಯದ ಅಂಚಿನಲ್ಲಿರುವವರು ಎಚ್.ಐ.ವಿ. ಪೀಡಿತರಷ್ಟೇ ಅಲ್ಲ. ಮೂತ್ರಪಿಂಡದ ಕಸಿಯಾದವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಸಂಧಿವಾತ ಅಥವಾ ಚರ್ಮದ ಕಾಯಿಲೆಗೆ ತಿಂಗಳುಗಟ್ಟಲೆ ಹೆಚ್ಚಿನ ಪ್ರಮಾಣದ ಸ್ಟಿರಾಯ್ಡ್ ನುಂಗುತ್ತಿರುವವರು ಎಲ್ಲರೂ ಇದರಲ್ಲಿ ಸೇರುತ್ತಾರೆ. ಇಂಥವರಲ್ಲಿ ಒಣಕೆಮ್ಮು, ಜ್ವರ ಕಾಣಿಸಿಕೊಂಡು, ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿದ್ದರೆ ಎಕ್ಸ್‌ರೇ ಸರಿಯಿದೆ ಎಂಬ ಒಂದು ಮಾತಿನಿಂದ ನಿಶ್ಚಿಂತರಾಗುವಂತಿಲ್ಲ. ತಾವು ಸೇವಿಸುತ್ತಿರುವ ಗುಳಿಗೆಗಳ ವಿವರವನ್ನು ವೈದ್ಯರಿಗೆ ಹೇಳಬೇಕು. ಫಿಲ್ಮಿನಲ್ಲಿ ಇಲ್ಲದ ಸುಳಿವು ಆ ಮಾತಿನಲ್ಲಿ ಇರಬಹುದು.

ರಾಂಟ್‌ಜೆನ್ ಕೊಟ್ಟ ಕಿಟಕಿಯನ್ನು ಹೌನ್ಸ್‌ಫೀಲ್ಡ್ ಇನ್ನಷ್ಟು ಅಗಲ ಮಾಡಿದರು. ಮುಂದೆ ಇನ್ನೂ ಸೂಕ್ಷ್ಮವಾದ ಯಂತ್ರಗಳು ಬಂದಾವು. ಆದರೆ ಈ ನ್ಯುಮೋನಿಯದ ಚರಿತ್ರೆಯಲ್ಲಿ ಪ್ರತಿ ತಿರುವಿನಲ್ಲೂ ರೋಗದ ಜಾಡು ಹಿಡಿದವರು ಹೊಂದಿಕೆಯಾಗದ ಒಂದು ಸಂಗತಿಯನ್ನು ಬದಿಗೆ ತಳ್ಳದೆ ನಿಂತು ನೋಡಿದವರು. ಟ್ರಿಪನೋಸೋಮವಿಲ್ಲದ ಇಲಿಗಳನ್ನೂ ಪರೀಕ್ಷಿಸಿದ ದಂಪತಿ, ಕಾರಣವಿಲ್ಲದ ಔಷಧಿ ಚೀಟಿಯನ್ನು ಪ್ರಶ್ನಿಸಿದ ನೌಕರರು, ಸ್ವಚ್ಛವಾದ ಫಿಲ್ಮನ್ನು ಕೆಳಗಿಟ್ಟು ರೋಗಿಯನ್ನು ನಾಲ್ಕು ಹೆಜ್ಜೆ ನಡೆಸಿದ ವೈದ್ಯರು, ಎಲ್ಲರೂ ಮಾಡಿದ್ದು ಅದನ್ನೇ. ಮೇಲೆ ಬೂದಿ ಕಂಡಿತೆಂದು ಕೆಂಡ ಆರಿದೆ ಎಂದುಕೊಳ್ಳದೆ ಅವರು ಕೈಯಿಟ್ಟು ನೋಡಿದರು.